ಆ ರಾತ್ರಿಯನ್ನು ಲೇಖನದಿಂದ ಯಾಕೆ ತೆಗೆದಿರಿ?

ನಮಸ್ಕಾರ.

ನಿಮ್ಮ 'ಲಿನಕ್ಸ್ ವಿದ್ಯುನ್ಮಾನ ಅಂಚೆ ಪರಿವೇಷಕ: ಪ್ರಾರಂಭ ವೈಫಲ್ಯಕ್ಕೆ 14 ಪರಿಹಾರಗಳು' ಬಂದು ಸೇರಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸೋಕೆ ಆಗುವುದಿಲ್ಲ. ಆದರೆ ಲೇಖನದ ಜೊತೆ ಎಂಟು ಸಾಲಿನ ಒಂದು ಪತ್ರ ಬರೆದಿದ್ದೀರಲ್ಲ, ಅದನ್ನು ನಾಲ್ಕು ಸಲ ಓದಿದೆ. ನಮಗೆ ಬೇಕಾಗಿರುವುದು ಅದು.

ಪತ್ರದಲ್ಲಿ ಹೇಳಿದ್ದೇನು? ನೀವು ನೋಡಿಕೊಳ್ಳುವ ಪತ್ತಿನ ಸೊಸೈಟಿಯಲ್ಲಿ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್ ಇರುವ ಒಂದು ಹಳೇ ಮೆಷೀನ್. ಅದರಲ್ಲಿ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಪ್ರೋಗ್ರಾಂ. ಹೊರಗಿನಿಂದ ಮೇಲ್ ತೆಗೆದುಕೊಳ್ಳುವುದಿಲ್ಲ, ಸದಸ್ಯರಿಗೆ ನೋಟೀಸ್ ಕಳಿಸುವುದಷ್ಟೇ ಅದರ ಕೆಲಸ. ಮಹಾಸಭೆಯ ನೋಟೀಸ್ ಹೋಗಬೇಕಾಗಿದ್ದ ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಮೆಷೀನ್ ಎದ್ದಿತು, ಪೋಸ್ಟ್‌ಫಿಕ್ಸ್ ಏಳಲಿಲ್ಲ. ರಾತ್ರಿ ಒಂದೂವರೆವರೆಗೆ ಒದ್ದಾಡಿದಿರಿ. ಆಮೇಲೆ ನೆನಪಾಯಿತು: ಮೂರು ತಿಂಗಳ ಹಿಂದೆ ಯಾವುದೋ ವಿಡಿಯೋ ನೋಡಿ ಐಪಿ ವಿ6 (ಹೊಸ ಬಗೆಯ ಇಂಟರ್‌ನೆಟ್ ವಿಳಾಸ; ಹಳೆಯದು ಐಪಿ ವಿ4) ಆಫ್ ಮಾಡಲು ಎರಡು ಸಾಲು ಬರೆದಿದ್ದು ನೀವೇ.

ಲೇಖನದಲ್ಲಿ ಇದರ ಸುಳಿವೇ ಇಲ್ಲ. ನಾಚಿಕೆಯಾಯಿತೇನೋ. ಅಲ್ಲಿರುವುದು 14 ಕಮಾಂಡ್‌ಗಳ ಪಟ್ಟಿ, ಅದಕ್ಕೂ ಮೊದಲು ಒಂದೂವರೆ ಪುಟ ಪೀಠಿಕೆ. ಪೀಠಿಕೆಯ ಮೊದಲ ವಾಕ್ಯ, 'ಇಂದಿನ ಯುಗದಲ್ಲಿ ಮಿಂಚಂಚೆಯಿಲ್ಲದ ಜೀವನವನ್ನು ಊಹಿಸಲೂ ಅಸಾಧ್ಯ.' ಸರ್ವರ್ ಬಿದ್ದು ಕೂತವನಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ, ಅವನು ಅದನ್ನೇ ಅನುಭವಿಸುತ್ತಿದ್ದಾನೆ! ಪೋಸ್ಟ್‌ಫಿಕ್ಸ್ ಹುಟ್ಟಿದ ಕಥೆಯೂ ಅಷ್ಟೇ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದಿದ್ದು, 1998ರಲ್ಲಿ ಹೊರಗೆ ಬಂದಿದ್ದು, ಎಲ್ಲ ಸರಿ. ಒಂದು ಸಾಲು ಉಳಿಸಿ, ಉಳಿದದ್ದು ತೆಗೆಯಿರಿ.

ಭಾಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 'ಅಂಚೆ ಪರಿವೇಷಕ' ಅಂತ 31 ಕಡೆ ಬರೆದಿದ್ದೀರಿ, ಎಣಿಸಿದೆ. ಆ ರಾತ್ರಿ ಕಾರ್ಯದರ್ಶಿ ಫೋನ್ ಮಾಡಿದಾಗ 'ಸರ್, ಅಂಚೆ ಪರಿವೇಷಕ ಪ್ರಾರಂಭವಾಗುವಲ್ಲಿ ವಿಫಲವಾಗಿದೆ' ಅಂದಿರಾ? 'ಮೇಲ್ ಸರ್ವರ್ ಏಳ್ತಾ ಇಲ್ಲ ಸರ್' ಅಂದಿರುತ್ತೀರಿ. ಹಾಗೇ ಬರೆಯಿರಿ. ಓದುವವರೂ ಹಾಗೇ ಮಾತಾಡುವವರು.

ಇದಾದರೂ ರುಚಿಯ ವಿಷಯ ಅನ್ನಬಹುದು. ಮುಂದಿನದಕ್ಕೆ ಆ ರಿಯಾಯಿತಿ ಇಲ್ಲ. ನಾಲ್ಕನೇ ಪುಟದಲ್ಲಿ ದೋಷದ ಸಾಲನ್ನು ಹೀಗೆ ಕೊಟ್ಟಿದ್ದೀರಿ: 'ಮಾರಣಾಂತಿಕ: ಅಂತರಜಾಲ ಸಂಪರ್ಕಮುಖ ಪ್ರಾಚಲ: ::1ಕ್ಕೆ ಯಾವುದೇ ಸ್ಥಳೀಯ ಸಂಪರ್ಕಮುಖ ಲಭ್ಯವಿಲ್ಲ.' ನಗು ಬಂತು, ಆಮೇಲೆ ಬೇಜಾರಾಯಿತು. ಪರದೆ ಮೇಲೆ ಬರುವುದು 'ಫೇಟಲ್: ಪ್ಯಾರಾಮೀಟರ್ ಇನೆಟ್_ಇಂಟರ್‌ಫೇಸಸ್: ನೋ ಲೋಕಲ್ ಇಂಟರ್‌ಫೇಸ್ ಫೌಂಡ್ ಫಾರ್ ::1'. ಓದುಗ ಆ ಸಾಲನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು, ಹುಡುಕಬೇಕು. ನಿಮ್ಮ ಅನುವಾದ ಇಟ್ಟುಕೊಂಡು ಅವನು ಏನು ಹುಡುಕುತ್ತಾನೆ? ಲೇಖನದಲ್ಲಿ ದೋಷದ ಸಾಲು, ಕಮಾಂಡ್, ಫೈಲಿನ ಹೆಸರು ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ, ಪರದೆಯಲ್ಲಿ ಇದ್ದ ಹಾಗೇ ಇರಲಿ. ಅರ್ಥ ಏನು ಅನ್ನುವುದನ್ನು ಕೆಳಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ನಾನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿರುವುದು ಇದು ಪತ್ರ ಅನ್ನುವ ಕಾರಣಕ್ಕೆ.

ಇನ್ನು 14 ಪರಿಹಾರಗಳು. ನಿಮ್ಮ ಸೆಂಟ್‌ಓಎಸ್ 7ನ್ನೇ ಒಂದು ವರ್ಚುವಲ್ ಮೆಷೀನ್‌ಗೆ ಹಾಕಿ, ಐಪಿ ವಿ6 ಆಫ್ ಮಾಡಿ, ಕೆಲವನ್ನು ಒಂದೊಂದಾಗಿ ಮಾಡಿ ನೋಡಿದೆ. ಆರನೆಯದು 'ಪೋಸ್ಟ್‌ಫಿಕ್ಸ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿ'. ತೆಗೆದೆ. ಮತ್ತೆ ಹಾಕಲು ಹೋದರೆ ಪ್ಯಾಕೇಜೇ ಸಿಗಲಿಲ್ಲ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ, ಪ್ಯಾಕೇಜ್ ಕೊಡುವ ಮಿರರ್ ಸರ್ವರ್‌ಗಳ ಹಳೇ ಪಟ್ಟಿ ಈಗ ಕೆಲಸಕ್ಕೆ ಬರುವುದಿಲ್ಲ. ಪ್ಯಾಕೇಜ್ ಎಲ್ಲಿಂದ ತರಬೇಕು ಅನ್ನುವ ರಿಪೋ ಫೈಲನ್ನು ಹಳೇ ಆವೃತ್ತಿಗಳ ಸಂಗ್ರಹವಾದ ವಾಲ್ಟ್ ಕಡೆ ತಿರುಗಿಸಿ ಹೇಗೋ ಹಾಕಿದೆ. ಆಮೇಲೂ ಏಳಲಿಲ್ಲ, ಮತ್ತೆ ಅದೇ ಫೇಟಲ್ ಸಾಲು. ಯಾಕೆ ಅಂದರೆ ಹೊಸದಾಗಿ ಬರುವ ಮೇನ್.ಸಿಎಫ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲೂ ಇನೆಟ್_ಇಂಟರ್‌ಫೇಸಸ್ (ಎಲ್ಲಿ ಕೂರಬೇಕು) ಎದುರು ಲೋಕಲ್‌ಹೋಸ್ಟ್ (ಇದೇ ಮೆಷೀನ್) ಅಂತಲೇ, ಇನೆಟ್_ಪ್ರೋಟೋಕಾಲ್ಸ್ (ಯಾವ ಬಗೆಯ ವಿಳಾಸ) ಎದುರು ಆಲ್ ಅಂತಲೇ ಇರುತ್ತದೆ. ಅಂದರೆ ನಿಮ್ಮ ಆರನೇ ಪರಿಹಾರ ನಿಮ್ಮದೇ ತೊಂದರೆಗೆ ಉಪಯೋಗಕ್ಕೆ ಬರುವುದಿಲ್ಲ. ಆ ರಾತ್ರಿ ನೀವು ಇದನ್ನು ಮಾಡಿರಲಿಲ್ಲ ಅಂತ ಕಾಣುತ್ತದೆ, ಅಲ್ವಾ? ಎಲ್ಲಿಂದಲೋ ಎತ್ತಿದ್ದೀರಿ.

ಒಂಬತ್ತನೆಯದು, 'ಸ್ಪೂಲ್ ಫೋಲ್ಡರ್ ಅಳಿಸಿ ಹೊಸದಾಗಿ ಮಾಡಿ'. ಇದನ್ನು ಯಾವ ಕಾರಣಕ್ಕೂ ಹಾಕುವುದಿಲ್ಲ. /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಅಂದರೆ ಕಸದ ಬುಟ್ಟಿ ಅಂದುಕೊಂಡಿರಾ? ಇನ್ನೂ ತಲುಪದ ಮೇಲ್‌ಗಳು ಇರುವುದೇ ಅಲ್ಲಿ. ಆ ಕಡೆಯ ಸರ್ವರ್ 'ಈಗ ಆಗಲ್ಲ, ಆಮೇಲೆ ಬಾ' ಅಂದರೆ ಪೋಸ್ಟ್‌ಫಿಕ್ಸ್ ಮೇಲನ್ನು ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಏನೂ ಬದಲಾಯಿಸದಿದ್ದರೆ ಐದು ದಿನದವರೆಗೂ. ಸರ್ವರ್ ಒಂದು ರಾತ್ರಿ ಮಲಗಿದರೂ ಆ ಮೇಲ್‌ಗಳು ಹಾಗೇ ಕಾಯುತ್ತವೆ. ನಿಮ್ಮ ಕಮಾಂಡ್ ಹೊಡೆದರೆ ಎಲ್ಲ ಹೋಯಿತು. ಹನ್ನೊಂದನೆಯ 'ಎಲ್ಲದಕ್ಕೂ 777 ಅನುಮತಿ ಕೊಡಿ' ಅನ್ನುವುದನ್ನೂ (ಯಾರು ಬೇಕಾದರೂ ಫೈಲ್ ತಿದ್ದಬಹುದು ಅಂದ ಹಾಗೆ) ಹೊಡೆದುಹಾಕಿದ್ದೇನೆ. ಅದರ ಬಗ್ಗೆ ಚರ್ಚೆ ಬೇಡ.

ನನ್ನ ಮಟ್ಟಿಗೆ ದೊಡ್ಡ ಎಡವಟ್ಟು ಹದಿಮೂರನೆಯದರಲ್ಲಿದೆ. ನಿಜವಾದ ಪರಿಹಾರ ಇರುವುದೂ ಅಲ್ಲೇ. ಮೇನ್.ಸಿಎಫ್‌ನ ಎರಡು ಸಾಲಿನ ಮಾದರಿ ಕೊಟ್ಟಿದ್ದೀರಿ. ಮೊದಲ ಸಾಲು ಇನೆಟ್_ಇಂಟರ್‌ಫೇಸಸ್. ಅದರ ಕೆಳಗೆ, ಚೆಂದ ಕಾಣಲಿ ಅಂತ ನಾಲ್ಕು ಸ್ಪೇಸ್ ಬಿಟ್ಟು, ಇನೆಟ್_ಪ್ರೋಟೋಕಾಲ್ಸ್ = ಐಪಿವಿ4. ಪೋಸ್ಟ್‌ಫಿಕ್ಸ್‌ನಲ್ಲಿ ಸ್ಪೇಸ್‌ನಿಂದ ಶುರುವಾಗುವ ಸಾಲು ಹೊಸ ಸಾಲಲ್ಲ, ಮೇಲಿನ ಸಾಲಿನ ಬಾಲ. ನಿಮ್ಮ ಮಾದರಿಯನ್ನು ಇದ್ದ ಹಾಗೇ ಅಂಟಿಸಿದೆ. ಎರಡೂ ಸಾಲು ಸೇರಿ ಒಂದಾದವು, ಪೋಸ್ಟ್‌ಫಿಕ್ಸ್ ಬೇರೆಯದೇ ತಕರಾರು ತೆಗೆದು ಮತ್ತೆ ಮಲಗಿತು. ಅಂದರೆ ನಿಮ್ಮ ಲೇಖನ ಓದಿ ಸರಿಮಾಡಿಕೊಳ್ಳಲು ಹೊರಟವನಿಗೆ ನೀವು ಇನ್ನೊಂದು ರೋಗ ಅಂಟಿಸುತ್ತಿದ್ದೀರಿ. ಟೆಕ್ ಬರಹದಲ್ಲಿ ಸ್ಪೇಸ್ ಕೂಡ ಬರಹವೇ. ಕಳಿಸುವ ಮೊದಲು ನಿಮ್ಮ ಮಾದರಿಯನ್ನು ನೀವೇ ಲೇಖನದಿಂದ ಕಾಪಿ ಮಾಡಿ ಒಂದು ಸಲ ಓಡಿಸಿ ನೋಡಿ.

ಹಾಗಾದರೆ ಏನು ಬರೆಯಬೇಕು? ಕರೆಂಟ್ ಬಂದ ಕ್ಷಣದಿಂದ ಶುರುಮಾಡಿ. ಸ್ಟಾರ್ಟ್ ಕಮಾಂಡ್ ಕೊಟ್ಟಿರಿ. 'ಕಂಟ್ರೋಲ್ ಪ್ರೋಸೆಸ್ ಎಕ್ಸಿಟೆಡ್ ವಿತ್ ಎರರ್ ಕೋಡ್' ಅಂತ ಬಂತು. ಆ ಸಾಲಿನಲ್ಲಿ ಹುರುಳಿಲ್ಲ. ಬಿತ್ತು ಅನ್ನುತ್ತದೆ, ಯಾಕೆ ಬಿತ್ತು ಅನ್ನುವುದಿಲ್ಲ. ನೀವು ಮೂರು ಸಲ ಅದೇ ಕಮಾಂಡ್ ಹೊಡೆದಿದ್ದನ್ನೂ ಬರೆಯಿರಿ, ಎಲ್ಲರೂ ಹೊಡೆಯುತ್ತಾರೆ. ಆಮೇಲೆ ಯಾವಾಗ /ವಾರ್/ಲಾಗ್/ಮೇಲ್‌ಲಾಗ್ ತೆರೆದಿರಿ? ಪತ್ರದಲ್ಲಿ 'ಹನ್ನೆರಡೂಮುಕ್ಕಾಲಿಗೆ' ಅಂದಿದ್ದೀರಿ. ಅಂದರೆ ಅಲ್ಲಿಯವರೆಗೆ ಲಾಗ್ ನೋಡಿಯೇ ಇರಲಿಲ್ಲ! ಲೇಖನದ ಜೀವ ಇಲ್ಲಿದೆ.

ಆ ಫೇಟಲ್ ಸಾಲು ಸಿಕ್ಕ ಮೇಲೆ ನಿಧಾನ ಮಾಡಿ, ಬಿಡಿಸಿ ಹೇಳಿ. ಲೋಕಲ್‌ಹೋಸ್ಟ್‌ನಲ್ಲಿ ಕೂರು ಅಂತ ಪೋಸ್ಟ್‌ಫಿಕ್ಸ್‌ಗೆ ಹೇಳಲಾಗಿದೆ. ಲೋಕಲ್‌ಹೋಸ್ಟ್ ಅಂದರೆ ಯಾವ ವಿಳಾಸ ಅಂತ ಅದು /ಇಟಿಸಿ/ಹೋಸ್ಟ್ಸ್ ನೋಡುತ್ತದೆ. ಅಲ್ಲಿ ಎರಡು ಸಾಲಿವೆ: 127.0.0.1 (ಐಪಿ ವಿ4) ಮತ್ತು ::1 (ಐಪಿ ವಿ6). ಪ್ರೋಟೋಕಾಲ್ 'ಆಲ್' ಅಂದಿರುವುದರಿಂದ ಎರಡನ್ನೂ ತೆಗೆದುಕೊಳ್ಳುತ್ತದೆ. ಆಮೇಲೆ ಮೆಷೀನ್‌ನಲ್ಲಿ ಈ ವಿಳಾಸಗಳು ನಿಜಕ್ಕೂ ಇವೆಯಾ ಅಂತ ನೋಡುತ್ತದೆ. ಐಪಿ ವಿ6 ಆಫ್ ಆಗಿರುವುದರಿಂದ ::1 ಇಲ್ಲ. ಡೈರಿಯಲ್ಲಿ ಮನೆ ನಂಬರ್ ಇದೆ, ಬೀದಿಗೆ ಹೋದರೆ ಖಾಲಿ ಸೈಟು. ಪೋಸ್ಟ್‌ಫಿಕ್ಸ್ ಇಂಥ ಕಡೆ ಊಹೆ ಮಾಡಿ ಮುಂದೆ ಹೋಗುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. 'ಆಲ್' ಅನ್ನುವ ಜಾಗದಲ್ಲಿ 'ಐಪಿವಿ4' ಅಂತ ಬರೆದರೆ ಏಳುತ್ತದೆ. ಒಂದು ಪದದ ಕೆಲಸ.

ಓದುಗ ಕೇಳುವ ಪ್ರಶ್ನೆ ಇನ್ನೊಂದಿದೆ. ಸಾಲು ಬರೆದು ಮೂರು ತಿಂಗಳಾಗಿತ್ತಲ್ಲ, ಅಲ್ಲಿಯವರೆಗೆ ಹೇಗೆ ನಡೆಯಿತು? ಉತ್ತರ ನಿಮ್ಮ ಪತ್ರದಲ್ಲೇ ಇದೆ, ನಿಮಗೆ ಅದರ ಬೆಲೆ ಗೊತ್ತಾಗಿಲ್ಲ. ಸಿಸ್‌ಸಿಟಿಎಲ್.ಕಾನ್ಫ್ ಅನ್ನುವ ಸಿಸ್ಟಂ ಸೆಟ್ಟಿಂಗ್ ಫೈಲಿಗೆ ಸಾಲು ಸೇರಿಸಿದಿರಿ, ಜಾರಿ ಮಾಡುವ ಕಮಾಂಡ್ ಕೊಡುವುದನ್ನು ಮರೆತಿರಿ, ರೀಬೂಟೂ ಮಾಡಲಿಲ್ಲ. ಅದು ಸುಮ್ನೆ ಫೈಲಿನಲ್ಲಿ ಕೂತಿತ್ತು. ಕರೆಂಟ್ ಹೋಗಿ ಬಂದಾಗ ಮೆಷೀನ್ ಆ ಫೈಲನ್ನು ಓದಿತು. ಎಲ್ಲರೂ ಬೈದಿದ್ದು ಕರೆಂಟಿಗೆ. ನಾನೂ ಒಮ್ಮೆ ಹೀಗೇ ಬೈದಿದ್ದೇನೆ, ನನ್ನದು ಫೈರ್‌ವಾಲ್ ಸಾಲು, ಐದು ತಿಂಗಳು ಹಳೆಯದು.

ಉಳಿದ ಪರಿಹಾರಗಳಲ್ಲಿ ಒಂದನ್ನು ಮಾತ್ರ ಕೊನೆಗೆ ಇಡಿ: ಮೇಲ್ ಬಳಸುವ 25ನೇ ಪೋರ್ಟ್‌ನಲ್ಲಿ ಆಗಲೇ ಸೆಂಡ್‌ಮೇಲೋ ಎಕ್ಸಿಮ್ಮೋ ಅಂತ ಬೇರೆ ಮೇಲ್ ಸರ್ವರ್ ಕೂತಿರುವುದು. ಲಾಗ್‌ನಲ್ಲಿ 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಬರುತ್ತದೆ, ಯಾರು ಕೂತಿದ್ದಾರೆ ಅಂತ ಎಸ್‌ಎಸ್ ಕಮಾಂಡ್ ತೋರಿಸುತ್ತದೆ. ಡೆಬಿಯನ್, ಉಬುಂಟು ಬಳಸುವವರಿಗೆ ಒಂದು ಎಚ್ಚರಿಕೆಯೂ ಇರಲಿ. ಅವುಗಳ ಹಲವು ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್ ಬಿದ್ದಿದ್ದರೂ ಸ್ಟೇಟಸ್ ಹಸಿರಾಗಿ 'ಆಕ್ಟಿವ್ (ಎಕ್ಸಿಟೆಡ್)' ಅಂತಲೇ ತೋರಿಸುತ್ತದೆ. ಆ ಹೆಸರಿನ ಸರ್ವಿಸ್ ಬರೀ ಹೊದಿಕೆ, ಕೆಲಸ ಮಾಡುವುದು ಅದರ ಹಿಂದಿನ ಇನ್ನೊಂದು ಸರ್ವಿಸ್. 'ಮೇಲ್ ಹೊರಗೆ ಹೋಗುತ್ತಿಲ್ಲ' ಅನ್ನುವ ಮೂರು ಪರಿಹಾರಗಳನ್ನು ತೆಗೆದುಬಿಡಿ. ಏಳದಿರುವುದು ಬೇರೆ, ಎದ್ದು ಮೇಲ್ ಕಳಿಸದಿರುವುದು ಬೇರೆ. ಬೇಕಾದರೆ ಅದಕ್ಕೆ ಇನ್ನೊಂದು ಲೇಖನ ಬರೆಯಿರಿ.

ಒಂಬೈನೂರು ಪದ ಸಾಕು. ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ಕಳಿಸಿದರೆ ಅದೇ ತಿಂಗಳು ಹಾಕುತ್ತೇನೆ.

ಮತ್ತೆ, ಒಂದು ವಿಷಯ ಪತ್ರದಲ್ಲೂ ಬಿಟ್ಟಿದ್ದೀರಿ. ಈ ದೋಷ ಇದ್ದಾಗ ಬೇರೆ ಪ್ರೋಗ್ರಾಂಗಳು ಮೇಲ್ ಒಪ್ಪಿಸಲು ಬಳಸುವ, ಪೋಸ್ಟ್‌ಫಿಕ್ಸ್‌ನದೇ ಆದ ಸೆಂಡ್‌ಮೇಲ್ ಕಮಾಂಡ್ ಕೂಡ ಅದೇ ಫೇಟಲ್ ಸಾಲು ಹೇಳಿ ನಿಂತುಬಿಡುತ್ತದೆ, ಮೇಲನ್ನು ಕ್ಯೂಗೆ ಹಾಕುವುದೇ ಇಲ್ಲ. ನಿಮ್ಮ ನೋಟೀಸ್ ಪ್ರೋಗ್ರಾಂ ರಾತ್ರಿ ಹನ್ನೆರಡಕ್ಕೆ ತಾನಾಗೇ ಓಡುತ್ತದೆ ಅಂದಿರಿ, ಪೋಸ್ಟ್‌ಫಿಕ್ಸ್ ಎದ್ದಿದ್ದು ಒಂದೂವರೆಗೆ. ಮಹಾಸಭೆಯ ನೋಟೀಸ್ ಕೊನೆಗೆ ಸದಸ್ಯರಿಗೆ ಹೋಯಿತಾ?