ಕ್ಲೋರ್‌ಪೈರಿಫಾಸ್ ಕೀಟನಾಶಕ ಕೊಟ್ಟ ಇಲಿಗಳ ಮೆದುಳಿನಲ್ಲಿ ಕಿಣ್ವ ಕುಸಿಯದಿರುವ ಬಗ್ಗೆ
ಪ್ಲಾಸ್ಮಾದ (ರಕ್ತದ ದ್ರವಭಾಗದ) ಕೋಲಿನೆಸ್ಟರೇಸ್, ಅಂದರೆ ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವ, ಅರ್ಧಕ್ಕಿಳಿದರೂ ಮೆದುಳಿನದು ಕೀಟನಾಶಕ ಕೊಡದ ಕಂಟ್ರೋಲ್ ಗುಂಪಿನಷ್ಟೇ ಇದೆ, ಇಲಿಗಳಿಗೆ ನಡುಕವೂ ಬಂದಿಲ್ಲ ಎಂದಿದ್ದೀರಿ. ಇದಕ್ಕೆ ಕಾರಣ ಬಹುಮಟ್ಟಿಗೆ ಕಡಿಮೆ ಡೋಸ್. ಪ್ರಯೋಗ ಕೆಟ್ಟಿದೆ ಎಂದುಕೊಳ್ಳಬೇಡಿ. ಕ್ಲೋರ್‌ಪೈರಿಫಾಸ್ ಮುಖ್ಯವಾಗಿ ಯಕೃತ್ತಿನಲ್ಲಿ ಆಕ್ಸಾನ್ ಎಂಬ ಪ್ರಬಲ ರೂಪಕ್ಕೆ ಮಾರ್ಪಟ್ಟ ಮೇಲಷ್ಟೇ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಆ ಆಕ್ಸಾನನ್ನು ಪ್ಯಾರಾಕ್ಸೊನೇಸ್ ಎಂಬ ಕಿಣ್ವ ಒಡೆಯುತ್ತದೆ, ಕಾರ್ಬಾಕ್ಸಿಲೆಸ್ಟರೇಸ್ ಮತ್ತು ಪ್ಲಾಸ್ಮಾದ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಕಿಣ್ವಗಳು ಕಟ್ಟಿಹಾಕುತ್ತವೆ, ಹೀಗಾಗಿ ಮೆದುಳಿಗೆ ತಲುಪುವುದು ಅಲ್ಪವೇ.

ಇದನ್ನು ಖಚಿತಪಡಿಸಿಕೊಳ್ಳಲು, ಮೊದಲು ಕೆಂಪು ರಕ್ತಕಣಗಳ ಅಸಿಟೈಲ್‌ಕೋಲಿನೆಸ್ಟರೇಸ್ ಅಳೆಯಿರಿ; ಮೆದುಳಿನಲ್ಲಿರುವುದೂ ಇದೇ ಬಗೆಯ ಕಿಣ್ವ. ಹಳದಿ ಬಣ್ಣದ ಗಾಢತೆಯಿಂದ ಕಿಣ್ವವನ್ನು ಅಳೆಯುವ ಎಲ್‌ಮನ್ ವಿಧಾನದ 412 ನ್ಯಾನೊಮೀಟರಿನಲ್ಲಿ ಹಿಮೋಗ್ಲೋಬಿನ್ ಕೂಡ ಬೆಳಕು ಹೀರುವುದರಿಂದ 436ರಲ್ಲಿ ಓದುವುದು ಲೇಸು. ಬಳಿಕ ಮೆದುಳಿನ ತುಣುಕನ್ನು ಅರೆಯುವ ಮುನ್ನ, ತೊಳೆದ ದ್ರಾವಣದಲ್ಲಿ ರಕ್ತದ ನಸುಗೆಂಪು ಕಾಣದಾಗುವವರೆಗೆ ತಣ್ಣನೆಯ ಸಲೈನಿನಲ್ಲಿ ತೊಳೆದು, ಸದಾ ಐಸಿನ ಮೇಲಿಡಿ. ಒಂದೇ ಹೊತ್ತಿನ ಮಾದರಿಯನ್ನು ನೆಚ್ಚದೆ ಡೋಸ್ ಕೊಟ್ಟ 6 ಮತ್ತು 24 ಗಂಟೆಗಳ ಬಳಿಕದ ಮಾದರಿಗಳನ್ನು ಹೋಲಿಸಿ ನೋಡಿ.

ಇಲಿಗಳ ವಯಸ್ಸನ್ನು ನೀವು ಬರೆದಿಲ್ಲ. ಮರಿಗಳಲ್ಲಿ ಈ ರಕ್ಷಕ ಕಿಣ್ವಗಳು ಕಡಿಮೆಯಿರುವುದರಿಂದ, ಅವು ಎಳೆಯವಾಗಿದ್ದರೆ ನನ್ನ ಊಹೆ ದುರ್ಬಲವಾಗುತ್ತದೆ. ಮೆದುಳಿನ ಕಿಣ್ವ ಅರ್ಧಕ್ಕಿಂತ ಹೆಚ್ಚು ಕುಸಿಯುವ ತನಕ ನಡುಕ ಸಾಮಾನ್ಯವಾಗಿ ಕಾಣಿಸದು. ಆದ್ದರಿಂದ ನಡುಕ ಬರಿಸಲೆಂದೇ ಡೋಸ್ ಏರಿಸಿ ಪ್ರಾಣಿಗಳನ್ನು ನೋಯಿಸಬೇಡಿ. ಏರಿಸಲೇಬೇಕಾದರೆ ಪ್ರಾಣಿ ನೀತಿ ಸಮಿತಿಯ ತಿದ್ದುಪಡಿ ಅನುಮತಿಯನ್ನು ಮುಂಚೆಯೇ ಪಡೆಯಿರಿ.