ಶಿಕ್ಷಕನೇ ಆರೋಪಿಯಾದಾಗ

ಪ್ರಶ್ನೆ: ಏಳನೇ ತರಗತಿಯ ಹುಡುಗಿಯ ಮೈಮುಟ್ಟಿ ಕಿರುಕುಳ ಕೊಟ್ಟ ಶಿಕ್ಷಕನನ್ನು ಬೇರೆಡೆ ವರ್ಗ ಮಾಡಿಸುತ್ತೇವೆ, ರಾಜಿಯಾಗಿ ಎನ್ನುತ್ತಿದ್ದಾರೆ. ದೂರು ಕೊಟ್ಟರೆ ಶಿಕ್ಷೆ ಎಷ್ಟು?

ಉತ್ತರ: ದಯವಿಟ್ಟು ರಾಜಿಗೆ ಒಪ್ಪಬೇಡಿ. ರಾಜಸ್ಥಾನದ ಶಿಕ್ಷಕನೊಬ್ಬನ ಮೇಲಿನ ಇಂಥದೇ ಪ್ರಕರಣವನ್ನು ಅಲ್ಲಿನ ಹೈಕೋರ್ಟ್ ರಾಜಿಯ ಆಧಾರದಲ್ಲಿ ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ ವಿಚಾರಣೆ ಮುಂದುವರಿಸಲು ಹೇಳಿತು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ, ಆರೋಪಿ ಶಾಲಾ ಸಿಬ್ಬಂದಿ ಎಂಬುದೇ ಅಪರಾಧದ ತೂಕ ಹೆಚ್ಚಿಸುತ್ತದೆ. ಲೈಂಗಿಕ ಉದ್ದೇಶದ ಸ್ಪರ್ಶಕ್ಕೆ ಸಾಮಾನ್ಯವಾಗಿ 3ರಿಂದ 5 ವರ್ಷ. ಶಿಕ್ಷಕನಾದರೆ 10ನೇ ಕಲಮಿನಡಿ 5ರಿಂದ 7. ಶಿಕ್ಷಕನೇ ಅತ್ಯಾಚಾರ ಮಾಡಿದ್ದರೆ ಕನಿಷ್ಠ 20 ವರ್ಷ, ಗರಿಷ್ಠ ಮರಣದಂಡನೆ. ಕೃತ್ಯ 2019ರ ಆಗಸ್ಟ್ 16ಕ್ಕಿಂತ ಹಿಂದಿನದಾಗಿದ್ದರೆ ಹಳೆಯ ಕನಿಷ್ಠ 10 ವರ್ಷವೇ ಅನ್ವಯ. ತಿಳಿದೂ ದೂರು ಕೊಡದ ಶಾಲಾ ಮುಖ್ಯಸ್ಥರಿಗೂ ಒಂದು ವರ್ಷದವರೆಗೆ ಜೈಲಿದೆ.

ಆರೋಪಿಯ ವಕೀಲರು ಮೊದಲು ಕೆದಕುವುದು ಮಗುವಿನ ವಯಸ್ಸನ್ನು. ಶಾಲೆಯ ಜನ್ಮದಿನಾಂಕದ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ ಬೇಕು. ದಾಖಲಾತಿ ಪುಸ್ತಕದ ಆ ಸಾಲಿನಲ್ಲಿ ತಿದ್ದುಪಡಿ ಇದ್ದರೆ ಈಗಲೇ ತನಿಖಾಧಿಕಾರಿಗೆ ತಿಳಿಸಿ.

ಹೇಳಿಕೆ ಕೊಡಲು ಹುಡುಗಿ ಠಾಣೆಗೆ ಹೋಗಬೇಕಿಲ್ಲ. ಮನೆಗೇ ಬನ್ನಿ ಎಂದು ಪೊಲೀಸರನ್ನು ಕೇಳಿ. ಅವರು ಸಮವಸ್ತ್ರವಿಲ್ಲದೆ ಬರಬೇಕು. ಮಧ್ಯಂತರ ಪರಿಹಾರಕ್ಕೆ ಎಫ್‌ಐಆರ್ ಆದ ಮೇಲೆ ಯಾವಾಗ ಬೇಕಾದರೂ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು, ತೀರ್ಪಿಗೆ ಕಾಯಬೇಡಿ. ಠಾಣೆಗೆ ಹೋಗಲು ಅಂಜಿಕೆಯಾದರೆ ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.