ಸಭೆ ಬಿಟ್ಟರೆ ದೇವರನ್ನೂ ಬಿಟ್ಟ ಹಾಗಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವರ್ಷಗಟ್ಟಲೆ ಒಂದು ಕರಿಸ್ಮ್ಯಾಟಿಕ್ ಸಭೆಯಲ್ಲಿ, ಅಂದರೆ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕ್ರೈಸ್ತ ಸಭೆಯಲ್ಲಿದ್ದಿರಿ. ಅನ್ಯಭಾಷೆಯಲ್ಲಿ (ಕಲಿಯದೆಯೇ ಬಾಯಿಂದ ತಾನಾಗಿ ಬರುವ, ಅರ್ಥವಾಗದ ಮಾತಿನಲ್ಲಿ) ಮಾತಾಡಿದ್ದೀರಿ, ಪ್ರವಾದನೆ (ದೇವರೇ ಹೇಳಿದ ಅಂತ ಒಬ್ಬರು ಸಾರುವ ಮಾತು) ಕೇಳಿದ್ದೀರಿ, ಪ್ರಾರ್ಥನೆ ಮಾಡಿಸಿಕೊಂಡು ನೆಲಕ್ಕೆ ಬಿದ್ದಿದ್ದೀರಿ. ಈಗ ಹೋಗುವುದನ್ನು ನಿಲ್ಲಿಸಿದ್ದೀರಿ. ಆಗ ಆದದ್ದೆಲ್ಲ ಸುಳ್ಳಾದರೆ ನಾನು ಅಷ್ಟು ಅತ್ತದ್ದು ಯಾಕೆ, ನಿಜವಾದರೆ ಬಿಟ್ಟು ಬಂದದ್ದು ತಪ್ಪಾ ಅಂತ ಕೇಳಿದ್ದೀರಿ. ಅಮ್ಮ ಇನ್ನೂ ಅಲ್ಲಿಗೇ ಹೋಗುತ್ತಾರೆ, ಅವರಿಗೆ ಏನು ಹೇಳಲಿ ಅಂತಲೂ ಕೇಳಿದ್ದೀರಿ.

ನಾನೂ ಇಂಥದ್ದೇ ಒಂದು ಸಭೆಯಿಂದ ಹೊರಗೆ ಬಂದವನು. ನನ್ನ ಮಟ್ಟಿಗೆ ಉತ್ತರ ಇಷ್ಟು: ನಿಮಗೆ ಆದ ಅನುಭವ ನಿಜ. ಅದಕ್ಕೆ ಸಭೆಯವರು ಕೊಟ್ಟ ಅರ್ಥ ಮಾತ್ರ ಅವರದ್ದು. ಎರಡನ್ನೂ ಸೇರಿಸಿಯೇ ಕೊಟ್ಟಿದ್ದರಿಂದ ಒಂದನ್ನು ಬಿಟ್ಟರೆ ಇನ್ನೊಂದೂ ಕೈತಪ್ಪುತ್ತದೆ ಅಂತ ಅನ್ನಿಸುತ್ತಿದೆ, ಅಷ್ಟೇ.

ನಾನು ಅಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಹಾಗಾಗಿ ಆರಾಧನೆಯನ್ನು ಜನರ ಮಧ್ಯದಿಂದ ನೋಡಿದ್ದಕ್ಕಿಂತ ಪಕ್ಕದಿಂದ ನೋಡಿದ್ದೇ ಜಾಸ್ತಿ. ಪ್ರಸಂಗ, ಅಂದರೆ ಉಪದೇಶ, ಮುಗಿಯುವ ಹೊತ್ತಿಗೆ ಪಾಸ್ಟರ್ ಎಡಗೈಯನ್ನು ಸ್ವಲ್ಪ ಕೆಳಗೆ ಆಡಿಸುತ್ತಿದ್ದರು. ಮೆಲ್ಲಗೆ ಶುರು ಮಾಡು ಅಂತ ಅರ್ಥ. ನಾನು ಸ್ಟ್ರಿಂಗ್ಸ್ ಟೋನ್ ಹಾಕಿ ಮೂರು ನಾಲ್ಕು ಕಾರ್ಡ್‌ಗಳನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದೆ, ಅವರ ದನಿ ಇಳಿದರೆ ನನ್ನ ವಾಲ್ಯೂಮ್ ಇಳಿಯಬೇಕು, ದನಿ ಏರಿದರೆ ಡ್ರಮ್ ಹುಡುಗ ಸಿಂಬಲ್ ಮೇಲೆ ಮೆತ್ತಗೆ ಉರುಳಿಸಬೇಕು. ಹಾಡು ಮೂರನೇ ಸಲ ಬಂದಾಗ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಅರ್ಧ ಸ್ವರ ಮೇಲೆ ಹೋಗಬೇಕು. ಅಷ್ಟಾದರೆ ಸಾಕು, ಜನರ ಕೈ ಮೇಲೇಳುತ್ತಿತ್ತು. ಸಾಮಾನ್ಯವಾಗಿ ಅಲ್ಲಿಂದಲೇ ಅಳು ಶುರುವಾಗುತ್ತಿತ್ತು. ಆಮೇಲೆ ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಿದ್ದರು. ಒಬ್ಬೊಬ್ಬರ ಹಿಂದೆಯೂ ಹಿಡಿಯುವವರು ಬಂದು ನಿಲ್ಲುತ್ತಿದ್ದರು, ಹಣೆಯ ಮೇಲೆ ಕೈ ಇಟ್ಟ ಕೂಡಲೇ ಬೀಳುತ್ತಿದ್ದರು. ಹಿಂದೆ ಯಾರೂ ನಿಲ್ಲದೆ ಇದ್ದಾಗ ಬಿದ್ದವರನ್ನು ನಾನು ನೋಡಿದ್ದು ತೀರಾ ಕಡಿಮೆ.

ಇದನ್ನು ಓದಿ ಎಲ್ಲ ನಾಟಕ ಅಂದುಕೊಳ್ಳಬೇಡಿ. ಪಾಸ್ಟರ್ ಯಾರಿಗೂ ಮೋಸ ಮಾಡಬೇಕು ಅಂತ ಕೈ ಆಡಿಸುತ್ತಿರಲಿಲ್ಲ, ನುಡಿಸುತ್ತಾ ನನಗೂ ಎಷ್ಟೋ ಸಲ ಕಣ್ಣು ತುಂಬಿದೆ. ಮನೆಯ ಸಂಕಟ, ಸಾಲ, ಕಾಯಿಲೆ ಎಲ್ಲ ಹೊತ್ತು ಬಂದವರಿಗೆ ನೂರಾರು ಜನರ ನಡುವೆ ಬಾಯಿಬಿಟ್ಟು ಅಳಲು ಬೇರೆ ಯಾವ ಜಾಗ ಸಿಗುತ್ತದೆ ಹೇಳಿ? ನಿಮ್ಮ ಅಳು ನಿಮ್ಮದೇ. ಅದು ಸಂಗೀತದಿಂದ ಬಂದಿರಬಹುದು, ದೇವರಿಂದಲೂ ಬಂದಿರಬಹುದು, ಎರಡೂ ಕೂಡಿರಬಹುದು. ಆದರೆ "ಇವತ್ತು ಅತ್ತೆಯಲ್ಲ, ಆದ್ದರಿಂದ ಈ ಪಾಸ್ಟರ್ ಹೇಳುವುದೆಲ್ಲ ದೇವರ ಮಾತು" ಅಂತ ಒಂದು ಗಂಟು ಹಾಕುತ್ತಾರಲ್ಲ, ಅದನ್ನು ಬಿಚ್ಚಬೇಕು.

ಅನ್ಯಭಾಷೆಯ ಕಥೆಯಲ್ಲೇ ಇದು ಚೆನ್ನಾಗಿ ಕಾಣುತ್ತದೆ. ಕರಿಸ್ಮ್ಯಾಟಿಕ್ ಸಭೆಗಳಿಗೆ ಮೂಲವಾದ ಈಗಿನ ಪೆಂಟೆಕಾಸ್ಟಲ್ ಚಳವಳಿಯ ಆರಂಭವನ್ನು ಸಾಮಾನ್ಯವಾಗಿ 1901ರಲ್ಲಿ ಅಮೆರಿಕದ ಟೊಪೀಕಾದಲ್ಲಿ ಚಾರ್ಲ್ಸ್ ಪರ್ಹಮ್ ನಡೆಸುತ್ತಿದ್ದ ಬೈಬಲ್ ಶಾಲೆಯಿಂದ ಹೇಳುತ್ತಾರೆ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೇಮೋರ್ ನಡೆಸಿದ ಕೂಟಗಳಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಸೇಮೋರ್ ಕಪ್ಪು ಜನಾಂಗದವರು, ಅವರ ತಂದೆತಾಯಿ ಗುಲಾಮರಾಗಿದ್ದವರು. ಆಗಿನವರು ತಮಗೆ ಬಂದದ್ದು ಬೇರೆ ದೇಶಗಳ ನಿಜವಾದ ಭಾಷೆ ಅಂತಲೇ ನಂಬಿದ್ದರು. ಇನ್ನು ಭಾಷೆ ಕಲಿಯದೆಯೇ ಹೋಗಿ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಸಾರಬಹುದು ಅಂತ. ಅಜೂಸಾ ಕೂಟಗಳಿಗೆ ಬಂದಿದ್ದ ಆಲ್ಫ್ರೆಡ್ ಗಾರ್ ತಮಗೆ ಬಂಗಾಳಿ ಬಂದಿದೆ ಅಂದುಕೊಂಡು ಹೆಂಡತಿಯ ಜೊತೆ ಕಲ್ಕತ್ತಾಕ್ಕೆ ಹಡಗು ಹತ್ತಿಯೇ ಬಿಟ್ಟರು. ಅಲ್ಲಿ ಹೋಗಿ ನೋಡಿದರೆ ಅವರ ಮಾತಿನಿಂದ ಏನೂ ಕೆಲಸವಾಗಲಿಲ್ಲ. ಇದನ್ನು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಅವರು ಅನ್ಯಭಾಷೆಯನ್ನು ಬಿಡಲಿಲ್ಲ. ಅರ್ಥ ಬದಲಾಯಿತು ಅಷ್ಟೇ. ಇದು ಭೂಮಿಯ ಭಾಷೆಯಲ್ಲ, ಪ್ರಾರ್ಥನೆಯ ಭಾಷೆ ಅನ್ನುವ ವಿವರಣೆ ಚಳವಳಿಯಲ್ಲಿ ಗಟ್ಟಿಯಾಯಿತು. ನೋಡಿ, ಬಾಯಿಂದ ಬರುತ್ತಿದ್ದದ್ದು ಅದೇ, ಅದಕ್ಕೆ ಕೊಟ್ಟ ವಿವರಣೆ ಬೇರೆ. ಅವರೇ ಬದಲಾಯಿಸಿಕೊಳ್ಳಬಹುದಾದರೆ ನೀವು ಯಾಕೆ ಬದಲಾಯಿಸಿಕೊಳ್ಳಬಾರದು?

ಭಾಷಾವಿಜ್ಞಾನಿ ವಿಲಿಯಂ ಸಮರಿನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನ್ಯಭಾಷೆಯ ಉಚ್ಚಾರಗಳು ಆಡುವವರಿಗೆ ಮೊದಲೇ ಗೊತ್ತಿರುವ ಭಾಷೆಗಳ ಧ್ವನಿಗಳಿಂದಲೇ ಆದವು, ಅದಕ್ಕೆ ಭಾಷೆಗಿರುವಂಥ ವ್ಯಾಕರಣವಿಲ್ಲ ಅಂತ ತೋರಿಸಿದರು. 2006ರಲ್ಲಿ ಆಂಡ್ರೂ ನ್ಯೂಬರ್ಗ್ ತಂಡ ಐವರು ಮಹಿಳೆಯರ ಮೆದುಳಿನ ಚಿತ್ರ ತೆಗೆದು ನೋಡಿದಾಗ, ಅನ್ಯಭಾಷೆಯಲ್ಲಿ ಮಾತಾಡುವಾಗ ಮೆದುಳಿನ ಮುಂಭಾಗದ ಚಟುವಟಿಕೆ ಕಡಿಮೆಯಾಗಿತ್ತು. ನಾನು ಮಾತಾಡುತ್ತಿಲ್ಲ, ತಾನಾಗಿಯೇ ಬರುತ್ತಿದೆ ಅಂತ ಅವರು ಹೇಳುವುದಕ್ಕೆ ಇದು ಹೊಂದುತ್ತದೆ. ಅಂದರೆ ಅವರು ನಟಿಸುತ್ತಿರಲಿಲ್ಲ. ದೇವರು ಅದರಲ್ಲಿದ್ದಾನೋ ಇಲ್ಲವೋ ಅನ್ನುವುದನ್ನು ಸ್ಕ್ಯಾನ್ ಹೇಳುವುದಿಲ್ಲ. ಐವರ ಅಧ್ಯಯನ ಹಿಡಿದುಕೊಂಡು ಯಾರೂ ಕುಣಿಯಬೇಕಿಲ್ಲ ಬಿಡಿ, ಆ ಕಡೆಯವರೂ ಈ ಕಡೆಯವರೂ.

ಅನ್ಯಭಾಷೆ ಬಾರದವರಿಗೆ ಅಭಿಷೇಕವೇ ಇಲ್ಲ, ಅಂದರೆ ಪವಿತ್ರಾತ್ಮ ಅವರ ಮೇಲೆ ಇಳಿದೇ ಇಲ್ಲ ಅಂತ ನಿಮಗೂ ಹೇಳಿರಬೇಕು. ಆದರೆ ಯೇಸುವಿನ ಅಪೊಸ್ತಲ ಪೌಲನೇ ಕೊರಿಂಥದ ಸಭೆಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲಿ (1 ಕೊರಿಂಥ) 12ನೇ ಅಧ್ಯಾಯದ ಕೊನೆಗೆ ಎಲ್ಲರೂ ಅನ್ಯಭಾಷೆ ಆಡುತ್ತಾರೇನು ಅಂತ ಕೇಳುತ್ತಾನೆ. ಉತ್ತರ ಇಲ್ಲ ಅನ್ನುವ ಧಾಟಿಯಲ್ಲೇ ಕೇಳುತ್ತಾನೆ. 14ನೇ ಅಧ್ಯಾಯದಲ್ಲಿ ಸಭೆಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಮಾತಾಡಲಿ, ಒಬ್ಬೊಬ್ಬರಾಗಿ, ಅರ್ಥ ಹೇಳುವವರು ಇಲ್ಲದಿದ್ದರೆ ಸುಮ್ಮನಿರಲಿ ಅನ್ನುತ್ತಾನೆ. ನಮ್ಮಲ್ಲಿ ಮೈಕ್ ಹಿಡಿದು ಎಲ್ಲರಿಗೂ ಒಟ್ಟಿಗೇ ಬಾಯಿ ತೆರೆಯಿರಿ ಅನ್ನುತ್ತಿದ್ದರು. ಬೈಬಲ್ ಬಿಟ್ಟು ಹೋದವರು ಅಂತ ನನ್ನನ್ನು ಕರೆದವರು ಈ ಅಧ್ಯಾಯವನ್ನು ಓದಿಸಿದ್ದು ನನಗೆ ನೆನಪಿಲ್ಲ.

ಪ್ರವಾದನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಯುವಕರ ಗುಂಪಿನಲ್ಲಿ ಬಹುತೇಕ ಎಲ್ಲರಿಗೂ "ನಿನ್ನನ್ನು ರಾಷ್ಟ್ರಗಳಿಗೆ ಕಳುಹಿಸುತ್ತೇನೆ" ಅಂತ ಪ್ರವಾದನೆ ಬಂದಿತ್ತು, ಪಾಸ್‌ಪೋರ್ಟ್ ಮಾಡಿಸಿದವರು ಕೆಲವರೇ. ಇದು ನಗುವ ವಿಷಯ. ಆದರೆ ಇವನನ್ನೇ ಮದುವೆಯಾಗು, ಆ ಕೆಲಸ ಬಿಡು ಅಂತ "ಕರ್ತನು ಹೇಳುತ್ತಾನೆ" ಸೇರಿಸಿ ಹೇಳಿದರೆ ನಗುವ ಹಾಗಿಲ್ಲ. ಬೈಬಲಿನ ಧರ್ಮೋಪದೇಶಕಾಂಡ 18ನೇ ಅಧ್ಯಾಯದಲ್ಲಿ ಪರೀಕ್ಷೆ ಸರಳವಾಗಿದೆ: ಕರ್ತನ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಹೇಳಿದವನಿಗೆ ಹೆದರಬೇಡ. ನಿಮಗೆ ಬಂದ ಪ್ರವಾದನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವುದು ನಡೆಯಿತು ಯಾವುದು ಇಲ್ಲ ಅಂತ ಗುರುತು ಹಾಕಿ ನೋಡಿ. ಯಾರಿಗೂ ತೋರಿಸಬೇಕಿಲ್ಲ.

ಸ್ವಸ್ಥತೆಯ ವಿಷಯ ಬಂದರೆ ಮಾತ್ರ ನನಗೆ ಈಗಲೂ ಸಿಟ್ಟು ಬರುತ್ತದೆ. ಗುಣವಾಯಿತು ಅನ್ನುವವರ ಕೈಗೆ ಮೈಕ್ ಕೊಡುತ್ತಾರೆ. ಅದೇ ಮನುಷ್ಯನಿಗೆ ಕಾಯಿಲೆ ಮರಳಿ ಬಂದರೆ ಮೈಕ್ ಇಲ್ಲ, ಮೂಲೆಯಲ್ಲಿ ಕರೆದು ನಿನ್ನ ವಿಶ್ವಾಸ ಸಾಲಲಿಲ್ಲ, ಗುಪ್ತ ಪಾಪ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಹೀಗೆ ಲೆಕ್ಕ ಇಟ್ಟರೆ ಪ್ರತಿ ಭಾನುವಾರವೂ ಗೆಲುವೇ ಅಲ್ವಾ. ಪೌಲ ತನ್ನ ಸಂಗಡಿಗ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆ ಅಂತ ಬರೆದಿದ್ದಾನೆ. ತನ್ನ ಶಿಷ್ಯ ತಿಮೊಥೆಯನಿಗೆ, ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಹೇಳಿದ್ದಾನೆ. ಶರೀರದ ಮುಳ್ಳು ಅಂತ ತಾನೇ ಕರೆದ ಒಂದು ಬಾಧೆಗಾಗಿ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನಿಗೂ ವಿಶ್ವಾಸ ಸಾಲಲಿಲ್ಲವಾ? ಅಲ್ಲಿದ್ದಾಗ ಯಾವುದಾದರೂ ಮಾತ್ರೆ ನಿಲ್ಲಿಸಿದ್ದರೆ ಈ ವಾರವೇ ಡಾಕ್ಟರ್ ಹತ್ತಿರ ಹೋಗಿ. ದೇವರ ಪ್ರಶ್ನೆ ಕಾಯುತ್ತದೆ, ಬಿಪಿ ಕಾಯುವುದಿಲ್ಲ.

ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡುವುದನ್ನು ನಿಲ್ಲಿಸಿದ್ದಕ್ಕೆ ಶಾಪ ತಟ್ಟುತ್ತದಾ ಅಂತಲೂ ಒಂದು ಸಾಲಿನಲ್ಲಿ ಕೇಳಿದ್ದೀರಿ. ದಶಮಾಂಶ ಕೊಡದವರಿಗೆ ಶಾಪ ಅನ್ನುವ ಮಲಾಕಿಯ 3 ಒಂದನ್ನೇ ಓದಬೇಡಿ, ಧರ್ಮೋಪದೇಶಕಾಂಡ 14ನ್ನೂ ಓದಿ. ಅಲ್ಲಿ ದಶಮಾಂಶ ಅಂದರೆ ಧಾನ್ಯ, ದ್ರಾಕ್ಷಾರಸ, ಎಣ್ಣೆ. ಮೂರನೇ ವರ್ಷದ್ದು ದೇವಾಲಯದ ಸೇವೆಯ ಕುಲದವರಾದ ಲೇವಿಯರ ಜೊತೆಗೆ ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ. ಸೌಂಡ್ ಸಿಸ್ಟಮ್‌ಗೆ ಅಂತ ಇಲ್ಲ.

ಈಗ ಭಯದ ವಿಷಯ. ನಿಮ್ಮ ಪ್ರಶ್ನೆಯ ಒಳಗೆ ನನಗೆ ಜಾಸ್ತಿ ಕೇಳಿಸಿದ್ದು ಅದೇ. "ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ" ಅನ್ನುವ ಕೀರ್ತನೆ 105ರ ಮಾತನ್ನು ಪಾಸ್ಟರನ್ನು ಪ್ರಶ್ನಿಸಬೇಡಿ ಅಂತ ಓದಿಸುತ್ತಾರೆ. ಅಲ್ಲಿ ಅದು ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಅಲೆಯುತ್ತಿದ್ದಾಗ ಅವರಿಗೆ ಕೇಡು ಮಾಡಬೇಡಿ ಅಂತ ರಾಜರಿಗೆ ಹೇಳಿದ ಮಾತು. ಅಧಿಕಾರ ಇಲ್ಲದವರನ್ನು ಅಧಿಕಾರ ಇರುವವರಿಂದ ಕಾಯುವ ಮಾತನ್ನು ತಲೆಕೆಳಗೆ ಮಾಡಿಬಿಟ್ಟಿದ್ದಾರೆ. ದಾವೀದ ರಾಜನಿಗೂ ಅಭಿಷೇಕ ಆಗಿತ್ತು, ಆದರೂ ಅವನು ತಪ್ಪು ಮಾಡಿದಾಗ ನಾತಾನ ಪ್ರವಾದಿ ಅವನ ಎದುರಿಗೇ ನಿಂತು ಆ ತಪ್ಪು ಮಾಡಿದ ಮನುಷ್ಯ ನೀನೇ ಅಂದ.

ಬಿಟ್ಟು ಹೋದವರಿಗೆ ಆಕ್ಸಿಡೆಂಟ್ ಆಯಿತು, ಕೆಲಸ ಹೋಯಿತು ಅನ್ನುವ ಕಥೆಗಳನ್ನು ನೀವೂ ಕೇಳಿರುತ್ತೀರಿ. ಒಳಗೆ ಇದ್ದವರಿಗೂ ಆಕ್ಸಿಡೆಂಟ್ ಆಗುತ್ತದೆ. ಅದನ್ನು ಶೋಧನೆ, ಅಂದರೆ ವಿಶ್ವಾಸದ ಪರೀಕ್ಷೆ ಅನ್ನುತ್ತಾರೆ. ಹೊರಗಿನವರಿಗೆ ಆದರೆ ಶಿಕ್ಷೆ. ಇದು ಬುದ್ಧಿಗೆ ಹೊಳೆದ ಮೇಲೂ ಎದೆ ಹೊಡೆದುಕೊಳ್ಳುವುದು ತಕ್ಷಣ ನಿಲ್ಲುವುದಿಲ್ಲ, ನನಗೂ ನಿಲ್ಲಲಿಲ್ಲ. ಟೈರ್ ಪಂಕ್ಚರ್ ಆದರೂ ದೇವರು ಕೈಬಿಟ್ಟನಾ ಅಂತ ಲೆಕ್ಕ ಹಾಕುತ್ತಿದ್ದ ಕಾಲ ಒಂದಿತ್ತು. ರಾತ್ರಿ ನಿದ್ದೆ ಹೋಗುತ್ತಿದ್ದರೆ, ನರಕದ ಕನಸು ಬೀಳುತ್ತಿದ್ದರೆ ಆಪ್ತಸಮಾಲೋಚಕರನ್ನು ನೋಡಿ. ಸಭೆಗೆ ಸಂಬಂಧ ಇಲ್ಲದವರನ್ನೇ ನೋಡಿ. ನಿಮ್ಮ ಭಯವನ್ನು ದುರಾತ್ಮ ಅನ್ನದೆ ಭಯ ಅಂತಲೇ ನೋಡುವವರು ನಿಮಗೆ ಬೇಕು.

ಹಾಗಾದರೆ ಏನು ನಂಬಲಿ ಅಂದರೆ, ಸದ್ಯಕ್ಕೆ ಏನನ್ನೂ ತೀರ್ಮಾನ ಮಾಡಬೇಡಿ. ಬಿಟ್ಟವರಲ್ಲಿ ಕೆಲವರು ದೇವರೇ ಇಲ್ಲ ಅನ್ನುವಲ್ಲಿಗೆ ಬರುತ್ತಾರೆ. ಕೆಲವರು ಬರೆದಿಟ್ಟ ಪ್ರಾರ್ಥನೆಗಳನ್ನೇ ಓದುವ ಹಳೆಯ ಸಭೆಗಳಲ್ಲಿ ನೆಮ್ಮದಿ ಕಾಣುತ್ತಾರೆ, ಅಲ್ಲಿ ಯಾರೂ ನಿಮ್ಮಿಂದ ಭಾವನೆ ಕೇಳುವುದಿಲ್ಲ. ಕೆಲವರು ಬೇರೊಂದು ಕರಿಸ್ಮ್ಯಾಟಿಕ್ ಸಭೆಗೇ ಹೋಗುತ್ತಾರೆ, ಅದೂ ತಪ್ಪಲ್ಲ. ಈ ಅಲೆ ಕ್ಯಾಥೊಲಿಕರಲ್ಲೂ 1967ರಿಂದ ಇದೆ. ಎಲ್ಲ ಕಡೆ ನಿಮ್ಮ ಪಾಸ್ಟರ್ ಥರದವರೇ ಇರುವುದಿಲ್ಲ. ಬಿಟ್ಟ ಸಿಟ್ಟಿನಲ್ಲಿ ಮರುದಿನವೇ ಇನ್ನೊಂದು ಗುಂಪಿಗೆ ಅಷ್ಟೇ ಜೋರಾಗಿ ಅಂಟಿಕೊಳ್ಳುವುದು ಮಾತ್ರ ಬೇಡ, ಅದು ನಾಸ್ತಿಕರ ಗುಂಪೇ ಆಗಿರಲಿ.

ಪ್ರಾರ್ಥನೆ ಮಾಡಲು ಆಗುತ್ತಿಲ್ಲ ಅಂದಿರಿ. ಬಿಡಿ, ಮಾಡಬೇಡಿ. ಓದಬೇಕು ಅನ್ನಿಸಿದ ದಿನ ಮಾರ್ಕನ ಸುವಾರ್ತೆಯನ್ನು ಒಂದೇ ಕೂತಲ್ಲಿ ಓದಿ, ಚಿಕ್ಕದು, ಯಾರ ಪ್ರಸಂಗವೂ ಮಧ್ಯೆ ಬರದ ಹಾಗೆ ಓದಿದರೆ ಬೇರೆಯೇ ಪುಸ್ತಕ ಅನ್ನಿಸುತ್ತದೆ. ಕೀರ್ತನೆ 88 ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಹಲ್ಲೆಲೂಯ ಇಲ್ಲ. ಅಂಥ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗ ಇದೆ ಅಂತ ಗೊತ್ತಾದಾಗ ನನಗೆ ಉಸಿರು ಬಂದ ಹಾಗಾಯಿತು. ನಾನು ಈಗ ಎಲ್ಲಿದ್ದೇನೆ ಅಂದರೆ, ಹೆಚ್ಚಿನ ದಿನ ದೇವರನ್ನು ನಂಬುತ್ತೇನೆ, ಯೇಸುವಿನ ಮಾತುಗಳು ಮೊದಲಿಗಿಂತ ಹತ್ತಿರವಾಗಿವೆ, ದೇವರು ನನಗೆ ಹೀಗೆ ಹೇಳಿದ ಅನ್ನುವವರಿಂದ ಮಾತ್ರ ಸ್ವಲ್ಪ ದೂರ ಕೂರುತ್ತೇನೆ. ನಿಮಗೆ ಬೇರೆ ಥರ ಆಗಬಹುದು.

ಇನ್ನು ಅಮ್ಮ. ಅವರ ಜೊತೆ ವಾದಕ್ಕೆ ಇಳಿಯಬೇಡಿ, ಮೇಲೆ ನಾನು ಬರೆದ ವಚನಗಳನ್ನು ಅವರ ಮುಂದೆ ಹರಡಬೇಡಿ. ಮಗುವಿನ ಆತ್ಮವೇ ಹೋಗುತ್ತದೆ ಅಂತ ಹೆದರಿದವರಿಗೆ ಇತಿಹಾಸ ಬೇಕಿಲ್ಲ. "ಅಮ್ಮಾ, ನೀನು ನನಗಾಗಿ ಪ್ರಾರ್ಥನೆ ಮಾಡು, ನನಗೇನೂ ಬೇಸರ ಇಲ್ಲ. ಆದರೆ ನನ್ನನ್ನು ಕೇಳದೆ ಪಾಸ್ಟರನ್ನು ಮನೆಗೆ ಕರೆಸಬೇಡ" ಅಂತ ಹೇಳಿ, ಕೇಳಿದಷ್ಟು ಸಲವೂ ಅದನ್ನೇ ಹೇಳಿ. ಬೇಕಿದ್ದರೆ ಭಾನುವಾರ ಅವರನ್ನು ಗೇಟಿನವರೆಗೆ ಬಿಟ್ಟು ಬನ್ನಿ. ಒಂದು ಎಚ್ಚರ ಇರಲಿ. ಮಗಳು ಅಥವಾ ಮಗ ಮನೆಯಲ್ಲಿ ಹೇಳಿದ ಗುಟ್ಟು ಬುಧವಾರದ ಕೂಟದಲ್ಲಿ "ಪ್ರಾರ್ಥನಾ ವಿಷಯ" ಆಗಿ ಎಲ್ಲರ ಮೊಬೈಲಿಗೂ ಹೋಗಿರುತ್ತದೆ. ಅಮ್ಮ ಕೆಟ್ಟ ಉದ್ದೇಶದಿಂದ ಹೇಳುವುದಿಲ್ಲ, ಅಳುತ್ತಾ ಹೇಳುತ್ತಾರೆ, ಆದರೆ ಹೋಗುವುದಂತೂ ಹೋಗುತ್ತದೆ. ಆದ್ದರಿಂದ ಭಾನುವಾರ ಮೈಕ್‌ನಲ್ಲಿ ಕೇಳಿಬಂದರೂ ಪರವಾಗಿಲ್ಲ ಅನ್ನಿಸುವಷ್ಟನ್ನು ಮಾತ್ರ ಸದ್ಯಕ್ಕೆ ಅವರಿಗೆ ಹೇಳಿ.